ಅಣ್ಣನ ಎಡಗೈಗೊಂದು ಹಿಡಿ

ಸ್ವೀಡನ್ನಿಗೆ ಹೋಗಿ ಬಂದೆ ಎಂದರೆ ನಮ್ಮ ಶ್ರೀನಿವಾಸಪುರದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ನಿಮ್ಮೋರು ಯಾರಿದ್ದಾರೆ?" ಯಾರೂ ಇಲ್ಲ ಎಂದರೆ ನಂಬುವುದಿಲ್ಲ. ಚಾಕುವಿಗೆ ಹಿಡಿ ಹಾಕುವುದನ್ನು ಕಲಿಯಲು ಹೋಗಿದ್ದೆ ಎಂದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಐವತ್ತು ದಾಟಿದ, ಕೋಲಾರದ ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಹೆಂಗಸಿಗೆ ಚಾಕುವಿನ ಹುಚ್ಚು ಯಾಕೆ ಎಂದು ಅವರಿಗೆ ಅನಿಸುವುದರಲ್ಲಿ ತಪ್ಪೇನಿಲ್ಲ.

ಈ ಹುಚ್ಚು ಹತ್ತಿಸಿದವನು ನಮ್ಮಣ್ಣ ಶ್ರೀರಾಮಪ್ಪ. ಲಾರಿ ಓಡಿಸುತ್ತಿದ್ದ. ಕೋಲಾರದ ಟೊಮೇಟೊ, ಮಾಲೂರಿನ ಇಟ್ಟಿಗೆ, ನಮ್ಮೂರಿನ ಮಾವು, ಯಾವ ಲೋಡಾದರೂ ಸರಿ. ಲಾರಿಯ ಕಮಾನು ಪಟ್ಟಿ ಮುರಿದರೆ ಬೇರೆಯವರು ಗುಜರಿಗೆ ಹಾಕುತ್ತಾರೆ, ಇವನು ಮನೆಗೆ ತರುತ್ತಿದ್ದ. ಮಾವಿನ ತೋಟದ ಮೂಲೆಯ ಶೆಡ್ಡಿನಲ್ಲಿ ಭಾನುವಾರ ಬೆಂಕಿ ಹಾಕಿ ಆ ಪಟ್ಟಿಯನ್ನು ಬಡಿದು ಚಾಕು, ಮಚ್ಚು, ಪುಟ್ಟ ಕೊಡಲಿ ಮಾಡುತ್ತಿದ್ದ. ಹಿಡಿ ಹಾಕುವ ಕೆಲಸ ನನ್ನದು. ಹುಣಸೆ, ಜಾಲಿ, ಯಾರೋ ಕೆಡವಿದ ಹಳೇ ಮನೆಯ ತೇಗ, ಸಿಕ್ಕಿದ್ದನ್ನು ಕೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿ ಕೂರಿಸುತ್ತಿದ್ದೆ. ಮಾರುವುದಕ್ಕಲ್ಲ. ಕಬ್ಬಿಣ ಅವನದು, ಮರ ನನ್ನದು, ಅಷ್ಟೇ. ಮದುವೆಯ ಗೋಜಿಗೆ ಹೋಗದೆ ಅಣ್ಣನ ಮನೆಯ ಪಕ್ಕದಲ್ಲೇ ಇರುವ ನನಗೆ ವಾರವೆಂದರೆ ಆ ಭಾನುವಾರವೇ ಆಗಿತ್ತು.

ಹೋದ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನವಾಗಿ ಬಂತು, ಬಲಗೈ ಬರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಅವನು ಬಡಿದಿದ್ದ ಅಂಗೈ ಉದ್ದದ ಒಂದು ಅಲಗು ಹಿಡಿಯಿಲ್ಲದೆ ಶೆಡ್ಡಿನ ಗೂಡಿನಲ್ಲಿ ಉಳಿದುಹೋಯಿತು. ಎಡಗೈಗೆ ಹೊಂದುವಂತೆ ಅದಕ್ಕೊಂದು ಹಿಡಿ ಮಾಡಿಕೊಡುತ್ತೇನೆ, ಶೆಡ್ಡಿಗೆ ಬಾ ಎಂದು ಎಷ್ಟು ಕರೆದರೂ ಅವನದು ಒಂದೇ ಉತ್ತರ.

"ಎಡಗೈಲಿ ಚಾಕು ಹಿಡ್ಕೊಂಡು ಕೂತ್ಕೊಳ್ಳಾ? ನೋಡಿದೋರು ನಗ್ತಾರೆ. ಸುಮ್ನಿರಮ್ಮಾ."

ನಗುವವರು ಯಾರೂ ಇರಲಿಲ್ಲ. ಆದರೆ ಎಡಗೈಯಲ್ಲಿ ಮುದ್ದೆ ಮುರಿಯಬೇಕಾಗಿ ಬಂದ ದಿನದಿಂದ ಅವನು ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದ. ಯಾರಿಗೂ ಆ ಕೈಯಲ್ಲಿ ಏನೂ ಕೊಡುತ್ತಿರಲಿಲ್ಲ. ನಾನು ಭಾನುವಾರ ಶೆಡ್ಡಿನಲ್ಲಿ ಒಬ್ಬಳೇ ಮರ ಉಜ್ಜುತ್ತಿದ್ದರೆ ಆ ಸದ್ದು ಅವನಿಗೆ ಕೇಳುತ್ತದೆ ಎಂಬುದೇ ನನಗೆ ಹಿಂಸೆಯಾಗಿತ್ತು.

ಮಾಲೂರು

ಉತ್ತರ ಸ್ವೀಡನ್ನಿನ ಒಂದು ಹಳ್ಳಿಯಲ್ಲಿ ಆರ್ನೆ ಎಂಬ ಮುದುಕ ವಾರವಿಡೀ ಕೂರಿಸಿ ಒಂದೇ ಒಂದು ಚಾಕುವಿಗೆ ಹಿಡಿ ಹಾಕುವುದನ್ನು ಹೇಳಿಕೊಡುತ್ತಾನೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಹೋಗಬೇಕೆಂದು ಯಾಕೆ ಅನಿಸಿತೋ ಈಗ ಹೇಳಬಲ್ಲೆ. ನಮ್ಮ ಶೆಡ್ಡಿನಲ್ಲಿ ಒಬ್ಬಳೇ ಕೂರುವುದಕ್ಕಿಂತ ಪರದೇಶದಲ್ಲಿ ಒಬ್ಬಳೇ ಕೂರುವುದು ಮೇಲು ಎನಿಸಿತ್ತು. ಅಣ್ಣನ ಕೊನೆಯ ಅಲಗನ್ನು ಒಯ್ದು, ಅವನ ಎಡಗೈಗೆ ಸರಿಯಾದ ಹಿಡಿ ಹಾಕಿಸಿಕೊಂಡು ಬಂದು ಅವನ ಮುಂದಿಟ್ಟರೆ, ಇಷ್ಟು ದೂರ ಹೋಗಿ ಬಂದವಳ ಮುಖ ನೋಡಿಯಾದರೂ ಅವನು ಅದನ್ನು ಎತ್ತಿಕೊಳ್ಳಬಹುದು. ಎತ್ತಿಕೊಂಡರೆ ಶೆಡ್ಡಿಗೆ ಬರಬಹುದು. ನನ್ನ ಲೆಕ್ಕಾಚಾರ ಅಷ್ಟೇ.

ಕೈಯ ಅಳತೆ ಬೇಕಲ್ಲ? ಜೇಡಿಮಣ್ಣಿನ ಉಂಡೆಯೊಂದನ್ನು ಉದ್ದಕ್ಕೆ ಹೊಸೆದು ಅವನ ಎಡಗೈಗೆ ಕೊಟ್ಟು, ಚಾಕು ಹಿಡಿದಂತೆ ಒಂದು ಸಲ ಬಿಗಿಯಾಗಿ ಹಿಡಿ ಎಂದೆ. ಅತ್ತಿಗೆ ಪಕ್ಕದಲ್ಲಿ ನಿಂತು ಗದರಿದ ಮೇಲೆ ಹಿಡಿದ.

"ತಗೊಂಡ್ ಹೋಗು. ಇನ್ಮೇಲೆ ಇದ್ರ ಸುದ್ದಿ ನನ್ನ ಹತ್ರ ಎತ್ಬೇಡ," ಎಂದ.

ಹಸಿಮಣ್ಣು ದಾರಿಯಲ್ಲಿ ಆಕಾರ ಕೆಡುತ್ತದೆಂದು ಅದನ್ನು ಮಾಲೂರಿಗೆ ಒಯ್ದು, ಅಣ್ಣ ಲೋಡು ಹೊಡೆಯುತ್ತಿದ್ದ ಇಟ್ಟಿಗೆ ಗೂಡಿನಲ್ಲಿ ಸುಡಲು ಕೊಟ್ಟೆ. ಗೂಡಿನ ಯಜಮಾನ ಅದನ್ನು ತಿರುಗಿಸಿ ನೋಡಿದ.

"ಏಂದಮ್ಮಾ ಇದಿ? ಕಡುಬಾ?" ಎಂದ, ತೆಲುಗು ಬೆರೆಸಿ.

"ನಮ್ಮಣ್ಣನ ಹಿಡಿತ."

"ಶ್ರೀರಾಮಪ್ಪಂದಾ?" ಎಂದು ಅವನ ದನಿ ತಗ್ಗಿತು. "ಕೊಡಮ್ಮಾ, ಸುಡ್ತೀನಿ. ಸುಟ್ಟಾಗ ಮಣ್ಣು ಮುದುಡ್ಕೊಳ್ಳುತ್ತೆ, ಪರ್ವಾಗಿಲ್ವಾ?"

"ಒಡೀದಿದ್ರೆ ಸಾಕು," ಎಂದೆ. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಒಂದು ಬಿರುಕೂ ಇಲ್ಲದೆ, ಕೆಂಪಗೆ, ಐದು ಬೆರಳಿನ ಗುರುತಿನ ಸಮೇತ ಅದು ಗೂಡಿನಿಂದ ಹೊರಬಂದಾಗ ನನಗೆ ಅರ್ಧ ಕೆಲಸ ಮುಗಿದೇ ಹೋಯಿತು ಎನಿಸಿತು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟೆ. ಅಣ್ಣನ ಬೆರಳಿನ ಗುರುತಿನ ಮೇಲೆ ನನ್ನ ಬೆರಳಿಡುವುದು ಯಾಕೋ ಸರಿಯಲ್ಲ ಎನಿಸಿ ಹಿಡಿದೂ ನೋಡಲಿಲ್ಲ.

ವಿಮಾನ ನಿಲ್ದಾಣ

ಅಲಗನ್ನು ದಪ್ಪ ರಟ್ಟಿನಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ತಳದಲ್ಲಿಟ್ಟು ಒಪ್ಪಿಸಿದ್ದೆ. ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಕೈಚೀಲದಲ್ಲಿದ್ದ ಮಣ್ಣಿನ ಬಗ್ಗೆ. ತಪಾಸಣೆಯ ಹುಡುಗಿ ಸೀರೆಯ ತುಂಡು ಬಿಚ್ಚಿ, ಬೆರಳಿನ ಗುರುತು ಕಂಡು, ಪಕ್ಕದವಳನ್ನು ಕರೆದಳು.

"ಏನ್ ಆಂಟಿ ಇದು?"

"ನಮ್ಮಣ್ಣನ ಕೈ."

ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ಅಣ್ಣ ಬದುಕಿದ್ದಾನೆ, ಇದು ಬರೀ ಅಳತೆ ಎಂದು ವಿವರಿಸುವಷ್ಟರಲ್ಲಿ ನನ್ನ ಹಿಂದಿನ ಸಾಲು ಬೆಳೆದಿತ್ತು. ಕೊನೆಗೆ ಅವಳೇ ಅದನ್ನು ನನಗಿಂತ ಜೋಪಾನವಾಗಿ ಸುತ್ತಿ ಕೊಟ್ಟು, "ಹುಷಾರಾಗಿ ತಗೊಂಡ್ ಹೋಗಿ" ಎಂದಳು. ಮುಂದಿನ ಒಂದು ವಾರದಲ್ಲಿ ನಾನು ಎದುರುಬದುರು ಕೇಳಿದ ಕನ್ನಡದಲ್ಲಿ ಅದೇ ಕೊನೆಯದು.

ಖಾಲಿ ಬಸ್ಸು

ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ರೈಲು, ಆಮೇಲೆ ಬಸ್ಸು. ಬಸ್‌ಸ್ಟಾಪಿನಲ್ಲಿ ನಾಲ್ಕೈದು ಜನ ನಿಂತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಜೋಡೆತ್ತು ಕಟ್ಟುವಷ್ಟು ಜಾಗ. ಮಳೆ ಹನಿಯುತ್ತಿದ್ದರೂ ಸೂರಿನ ಕೆಳಗೆ ನಿಂತವನು ಒಬ್ಬನೇ, ಮಿಕ್ಕವರು ಹೊರಗೆ ನೆನೆಯುತ್ತಿದ್ದರು.

ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ನಾನು ಅಭ್ಯಾಸಬಲದಿಂದ ಒಬ್ಬ ಹೆಂಗಸಿನ ಪಕ್ಕ ಹೋಗಿ ಕುಳಿತೆ. ನಮ್ಮಲ್ಲಿ ಹಾಗೇ ಅಲ್ಲವೇ? ಆಕೆ ಬೆಚ್ಚಿ ನನ್ನನ್ನು, ಸುತ್ತಲಿನ ಖಾಲಿ ಸೀಟುಗಳನ್ನು, ಮತ್ತೆ ನನ್ನನ್ನು ನೋಡಿದಳು. ನಾನು ನಕ್ಕೆ. ಅವಳೂ ಕಷ್ಟಪಟ್ಟು ನಕ್ಕಳು. ಮುಂದಿನ ಸ್ಟಾಪಿನಲ್ಲಿ ಎದ್ದಳು, ಇಳಿಯುತ್ತಾಳೆ ಎಂದುಕೊಂಡರೆ ಹಿಂದಿನ ಸೀಟಿಗೆ ಹೋಗಿ ಕುಳಿತಳು.

ದಿನಾ ಕೋಲಾರದ ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರಮ್ಮಾ, ಎಷ್ಟು ಮಕ್ಳು, ಯಾಕ್ ಮದ್ವೆ ಆಗ್ಲಿಲ್ಲ" ಎಂದು ಕೆದಕುವಾಗ ಕಿಟಕಿಯಿಂದ ಹಾರಿಬಿಡೋಣ ಎನಿಸುತ್ತಿತ್ತು. ಆ ಬಸ್ಸಿನಲ್ಲಿ, ಎರಡೂ ಕಡೆ ಮುಗಿಯದ ಕಾಡು ನೋಡುತ್ತ, ಯಾರಾದರೂ ಯಾಕಮ್ಮಾ ಮದುವೆ ಆಗಲಿಲ್ಲ ಎಂದು ಕೇಳಬಾರದೇ ಎನಿಸಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತು ಹೀಗೆ ತಿರುಗಿಕೊಂಡು ನಮ್ಮೂರಿಗೇ ಅನ್ವಯಿಸಿದ್ದು ಅದೇ ಮೊದಲು.

ಆರ್ನೆಯ ಶೆಡ್ಡು

ಆರ್ನೆ ಬಸ್ಸಿನ ಹತ್ತಿರ ಬಂದಿದ್ದ. ತೆಳ್ಳಗೆ, ಎತ್ತರಕ್ಕೆ, ಸೊಂಟದಲ್ಲಿ ಚಾಕು. ನಮ್ಮಲ್ಲಾಗಿದ್ದರೆ ಪೊಲೀಸರು ವಿಚಾರಿಸುತ್ತಿದ್ದರು. "ನೀವೇ ಆರ್ನೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆತ ಬಾಯಿ ಚೂಪು ಮಾಡಿ, ಬಿಸಿ ಪಾತ್ರೆ ಮುಟ್ಟಿದವರಂತೆ ಉಸಿರನ್ನು ಒಳಗೆಳೆದುಕೊಂಡ. ಎಲ್ಲೋ ನೋಯುತ್ತಿರಬೇಕು ಎಂದು ಗಾಬರಿಯಾದೆ. ಶೆಡ್ಡು ದೂರವಾ ಎಂದೆ, ಮತ್ತೆ ಅದೇ. ಚಳಿಯಾ ಎಂದೆ, ಮತ್ತೆ ಅದೇ. ಆಮೇಲೆ, ನನ್ನ ಹಾಗೆಯೇ ಕಲಿಯಲು ಬಂದಿದ್ದ ಮೋನಾ ಎಂಬ ನಿವೃತ್ತ ಅಂಚೆಯಾಕೆ ತಿಳಿಸಿದಳು: ಈ ಕಡೆ ಹೌದು ಎನ್ನುವುದೇ ಹಾಗೆ. ಬಾಯಿ ತೆರೆದು ಹೇಳಿದರೆ ಚಳಿ ಒಳಗೆ ಹೋಗುತ್ತದೆ ಎಂದು ತಮಾಷೆ ಮಾಡಿದಳು. ಕಲಿಯುವವರು ನಾವಿಬ್ಬರೇ.

ಮೊದಲ ದಿನ ಆರ್ನೆ ನನ್ನ ಕಡೆ ಒಂದು ಚಾಕು ಚಾಚಿದ. ನಾನು ಕೈ ಹಿಂದೆಳೆದುಕೊಂಡು ಬೆಂಚು ತೋರಿಸಿದೆ. ಅಲ್ಲಿಡಿ, ತೆಗೆದುಕೊಳ್ಳುತ್ತೇನೆ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ ಎಂದೆ. ಆರ್ನೆ ಸ್ವಲ್ಪ ಯೋಚಿಸಿ, ಉಸಿರೆಳೆದುಕೊಂಡು, ಚಾಕುವನ್ನು ಬೆಂಚಿನ ಮೇಲಿಟ್ಟ. ಅಂದಿನಿಂದ ಆ ಶೆಡ್ಡಿನಲ್ಲಿ ಯಾರೂ ಯಾರಿಗೂ ಚಾಕು ಕೈಗೆ ಕೊಡಲಿಲ್ಲ. ನನ್ನೊಬ್ಬಳಿಗಾಗಿ ಆ ಇಬ್ಬರೂ ಹಾಗೆ ನಡೆದುಕೊಂಡರು.

"ಯಾರ ಕೈಗೆ?" ಎಂದು ಆರ್ನೆ ಕೇಳಿದ. ನಾನು ಮಣ್ಣಿನ ಹಿಡಿತವನ್ನು ಸೀರೆಯಿಂದ ಬಿಚ್ಚಿ ಬೆಂಚಿನ ಮೇಲಿಟ್ಟು ಅಣ್ಣನ ಕಥೆ ಹೇಳಿದೆ. ಆತ ಬಾಗಿ ಅದನ್ನು ನೋಡಿದ.

"ಕೈಯೇ ಬಂದಿದ್ದರೆ ಚೆನ್ನಾಗಿತ್ತು," ಎಂದ. ಅಷ್ಟೇ.

ಆತನ ಪಾಠ ತೀರ ಸರಳ. ಬರ್ಚ್ ಎಂಬ ಅಲ್ಲಿನ ಬಿಳಿ ತೊಗಟೆಯ ಮರದ ತುಂಡಿಗೆ ತೂತು ಕೊರೆದು ಅಲಗಿನ ಹಿಂದಿನ ಸಪೂರ ಬಾಲವನ್ನು ಒಳಗೆ ತೂರಿಸಬೇಕು, ಬಾಲ ಹಿಂದುಗಡೆ ಹೊರಬಂದ ಮೇಲೆ ತುದಿಯನ್ನು ಸುತ್ತಿಗೆಯಿಂದ ಬಡಿದು ಅಗಲ ಮಾಡಬೇಕು. ಒಮ್ಮೆ ಬಡಿದರೆ ಮರ ಸೀಳದೆ ಬಿಚ್ಚಲಾಗುವುದಿಲ್ಲ. ಆಮೇಲೆ ಮರವನ್ನು ಕೆತ್ತುತ್ತ, ಆಗಾಗ ಕಣ್ಣು ಮುಚ್ಚಿ ಹಿಡಿದು ನೋಡಬೇಕು. ಎಲ್ಲಿ ಒತ್ತುತ್ತದೋ ಅಲ್ಲಿ ತೆಗೆಯಬೇಕು. ಎಲ್ಲೂ ಒತ್ತದಿದ್ದಾಗ ಮುಗಿಯಿತು.

ಬರ್ಚ್ ನಮ್ಮ ಹುಣಸೆಯಂತೆ ಹಟಮಾರಿಯಲ್ಲ. ಬೆಣ್ಣೆಯಂತೆ ಕೆತ್ತಿಸಿಕೊಳ್ಳುತ್ತದೆ, ವಾಸನೆಯೂ ಇಲ್ಲ. ಹುಣಸೆ ಕೆತ್ತಿದರೆ ಅಂಗೈಯಲ್ಲಿ ಬೊಬ್ಬೆ ಎದ್ದು ಅಣ್ಣನಿಂದ ಬೈಗುಳ ತಿನ್ನುತ್ತಿದ್ದ ನನಗೆ ಆ ಮೆತ್ತನೆಯ ಮರದ ಮೇಲೆ ಅಷ್ಟಾಗಿ ಪ್ರೀತಿ ಹುಟ್ಟಲಿಲ್ಲ. ಮೋನಾ ಕಣ್ಣು ಮುಚ್ಚಿ ಹಿಡಿದು ನೋಡುತ್ತಿದ್ದಳು. ನಾನು ಹಾಗೆ ಮಾಡುವಂತಿರಲಿಲ್ಲ. ಕಣ್ಣು ಮುಚ್ಚಿದರೆ ಗೊತ್ತಾಗುವುದು ನನ್ನ ಕೈ, ನನಗೆ ಬೇಕಾದದ್ದು ಇನ್ನೊಬ್ಬರ ಕೈ. ಅಲಗಿಗೆ ಬಟ್ಟೆ ಸುತ್ತಿ ಬೆಂಚಿಗೆ ಬಿಗಿದ ಕಬ್ಬಿಣದ ವೈಸಿನಲ್ಲಿ ಕಚ್ಚಿಸಿ, ಮಣ್ಣಿನ ಸುತ್ತ ದಾರ ಸುತ್ತಿ ಅಳೆದು, ಅದೇ ದಾರವನ್ನು ಮರಕ್ಕೆ ಸುತ್ತಿ ನೋಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಅರದಿಂದ ಉಜ್ಜಿದೆ. ಹೆಬ್ಬೆರಳಿನ ಗುಳಿ, ಕಿರುಬೆರಳಿನ ತಿರುವು, ಒಂದನ್ನೂ ಬಿಡಲಿಲ್ಲ.

ದಿನಕ್ಕೆ ಎರಡು ಸಲ ಕೆಲಸ ನಿಲ್ಲಿಸಿ ಕಾಫಿ. ಆಗ ಕೈಯಲ್ಲಿ ಉಪಕರಣ ಇರಕೂಡದು. ಮಾತೂ ಇರಕೂಡದೇನೋ ಎನ್ನುವಂತೆ ಮೂವರೂ ಒಲೆ ನೋಡುತ್ತ ಕೂರುತ್ತಿದ್ದೆವು. ಮೋನಾ ಎಡಚಿ. ಎಡಗೈಯಲ್ಲಿ ಬ್ರೆಡ್ಡು ಮುರಿದು, ಎಡಗೈಯಲ್ಲೇ ನನ್ನ ತಟ್ಟೆಗೆ ಹಾಕುತ್ತಿದ್ದಳು. ಮೊದಲ ದಿನ ನನಗೆ ತೆಗೆದುಕೊಳ್ಳಲು ಹಿಂಜರಿಕೆಯಾಯಿತು. ಮೂರನೆಯ ದಿನ ಅದು ಯಾವ ಕೈ ಎಂದು ಗಮನಿಸುವುದೇ ಮರೆತುಹೋಯಿತು.

ಕೆರೆಯ ದಂಡೆಯಿಂದ ಫೋನು

ಇದನ್ನು ಅಣ್ಣನಿಗೆ ಹೇಳಲೇಬೇಕೆಂದು ಮಧ್ಯಾಹ್ನ ಸಿಗ್ನಲ್ ಹುಡುಕಿಕೊಂಡು ಕೆರೆಯ ದಂಡೆಗೆ ಹೋದೆ. ನಮ್ಮ ಜಿಲ್ಲೆಯ ಕೆರೆಗಳಲ್ಲಿ ನೀರು ಬಂದರೆ ನೋಡಲು ಜನ ಸೇರುತ್ತಾರೆ. ಅಲ್ಲಿ ಅಷ್ಟು ನೀರು, ನೋಡಲು ನಾನೊಬ್ಬಳೇ. ಫೋನು ಎತ್ತಿದ್ದು ಅತ್ತಿಗೆ.

"ಊಟ ಏನ್ ಮಾಡ್ತೀಯಮ್ಮಾ ಅಲ್ಲಿ? ಮುದ್ದೆ ಇಲ್ದೆ ಸೊರಗಿ ಹೋಗಿರ್ತೀಯಾ. ಕುರುಡುಮಲೆ ಗಣಪತಿಗೆ ನಿನ್ ಹೆಸ್ರಲ್ಲಿ ಒಂದು ಕಾಯಿ ಒಡ್ಸಿ ಬಂದೆ."

"ಅಣ್ಣ ಎಲ್ಲಿ ಅತ್ತಿಗೇ?"

"ಇಲ್ಲೇ ಇದ್ದಾರೆ. ಸ್ಪೀಕರ್ ಹಾಕಿದೀನಿ, ಮಾತಾಡು."

ನಾನು ಮೋನಾಳ ಕಥೆ ಹೇಳಿದೆ. ಇಲ್ಲಿ ಎಡಗೈಯಲ್ಲೇ ತಿನ್ನುತ್ತಾರೆ, ಎಡಗೈಯಲ್ಲೇ ಕೊಡುತ್ತಾರೆ, ಎಡಗೈಯಲ್ಲೇ ಕೆತ್ತುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ ಅಣ್ಣಾ ಎಂದೆ.

"ಅಣ್ಣ ಕೇಳಿಸ್ಕೊಂಡ್ನಾ ಅತ್ತಿಗೇ?"

"ಕೇಳಿಸ್ಕೊಂಡ್ರು ಕಣಮ್ಮಾ," ಎಂದರು ಅತ್ತಿಗೆ. ಆಮೇಲೆ ದನಿ ತಗ್ಗಿಸಿ, "ಗೋಡೆ ಕಡೆ ತಿರುಗ್ಕೊಂಡ್ರು" ಎಂದರು.

ಫೋನು ಇಟ್ಟು ಅಲ್ಲೇ ಕುಳಿತೆ. ಅಳು ಬಂತು, ಅತ್ತುಬಿಟ್ಟೆ. ಯಾರೂ ಇಲ್ಲದ ಕಡೆ ಅಳುವುದರಲ್ಲಿ ಒಂದು ಅನುಕೂಲವಿದೆ, ಯಾಕೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಯಾಕೆ ಎಂದು ಯಾರಾದರೂ ಕೇಳಲಿ ಎಂದೇ ನಾನು ಆ ದಂಡೆಯಲ್ಲಿ ಅಷ್ಟು ಹೊತ್ತು ಕುಳಿತಿದ್ದೆ ಎಂದು ತೋರುತ್ತದೆ.

ಕೊನೆಯ ದಿನ

ಅಗಸೆ ಎಣ್ಣೆ ಹಚ್ಚಿ ಒರೆಸಿದ ಮೇಲೆ ಹಿಡಿ ಜೇನಿನ ಬಣ್ಣಕ್ಕೆ ತಿರುಗಿತು. ಇಷ್ಟು ಚೆಂದದ ಕೆಲಸ ನಾನು ಯಾವತ್ತೂ ಮಾಡಿರಲಿಲ್ಲ. ಬಾಲದ ತುದಿ ಬಡಿದಾಗಿತ್ತು. ಮಣ್ಣನ್ನೂ ಮರವನ್ನೂ ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ಆರ್ನೆ ಚಾಕುವನ್ನು ನನ್ನ ಮುಂದೆ ಬೆಂಚಿನ ಮೇಲಿಟ್ಟ.

"ಈಗಲಾದರೂ ಕಣ್ಣು ಮುಚ್ಚು," ಎಂದ.

ನಾನು ಕಣ್ಣು ಮುಚ್ಚಿ, ವಾರದಲ್ಲಿ ಮೊದಲ ಸಲ, ಅದನ್ನು ಎಡಗೈಯಲ್ಲಿ ಹಿಡಿದೆ. ಹೆಬ್ಬೆರಳು ತನ್ನ ಗುಳಿಗೆ ತಾನೇ ಹೋಗಿ ಕೂತಿತು. ಒಂದೊಂದು ಬೆರಳಿಗೂ ಅದರದರ ಜಾಗ. ಕಿರುಬೆರಳು ಕೊನೆಯ ತಿರುವಿನಲ್ಲಿ ಸುಖವಾಗಿ ಮಲಗಿತು. ಎಲ್ಲೂ ಒತ್ತಲಿಲ್ಲ.

"ಎಲ್ಲೂ ಇಲ್ಲ," ಎಂದೆ. ಮೋನಾ ಚಪ್ಪಾಳೆ ತಟ್ಟಿದಳು.

ಆ ಚಪ್ಪಾಳೆಯ ನಡುವೆಯೇ ನಾನು ಕಣ್ಣು ತೆರೆದೆ. ಎಲ್ಲೂ ಒತ್ತದಿರುವುದು ಹೇಗೆ? ಅಣ್ಣ ಚಿಕ್ಕಂದಿನಲ್ಲಿ ನನ್ನನ್ನು ಮುಳಬಾಗಿಲಿನ ಸಂತೆಗೆ ಕರೆದೊಯ್ಯುವಾಗ ನನ್ನ ಕೈ ಅವನ ಮುಷ್ಟಿಯೊಳಗೆ ಕಾಣದೇ ಹೋಗುತ್ತಿತ್ತು. ಈಗಲೂ ಅವನದು ಲಾರಿಯ ಸ್ಟೇರಿಂಗ್ ತಿರುಗಿಸಿದ ಅಗಲವಾದ ಕೈ, ನನ್ನದು ಪುಸ್ತಕ ಜೋಡಿಸುವ ಕೈ. ಅವನ ಹಿಡಿ ನನ್ನ ಕೈಗೆ ದೊಡ್ಡದಾಗಬೇಕಿತ್ತು, ನನ್ನ ಬೆರಳುಗಳು ಅದರಲ್ಲಿ ದಾರಿ ತಪ್ಪಬೇಕಿತ್ತು.

ಸುಟ್ಟಾಗ ಮಣ್ಣು ಮುದುಡ್ಕೊಳ್ಳುತ್ತೆ, ಪರ್ವಾಗಿಲ್ವಾ?

ಗೂಡಿನ ಯಜಮಾನ ಅಂದೇ ಕೇಳಿದ್ದ. ಮಾಲೂರಿನಲ್ಲಿ ಇಟ್ಟಿಗೆಯ ಅಚ್ಚು ಇಟ್ಟಿಗೆಗಿಂತ ದೊಡ್ಡದಿರುತ್ತದೆ. ಅಣ್ಣ ಅದನ್ನು ನನಗೆ ತೋರಿಸಿಯೇ ಇದ್ದ. ಒಣಗುವಾಗೊಂದಿಷ್ಟು, ಸುಡುವಾಗೊಂದಿಷ್ಟು ಕುಗ್ಗಿ, ಅವನ ಹಿಡಿತ ಗೂಡಿನಿಂದ ಬರುವಾಗಲೇ ನನ್ನ ಕೈಯ ಅಳತೆಗೆ ಇಳಿದಿತ್ತು. ಆ ಕುಗ್ಗಿದ ಕೈಯನ್ನು ನಾನು ಸಮುದ್ರ ದಾಟಿಸಿ, ದಾರ ಸುತ್ತಿ, ಕೂದಲೆಳೆಯಷ್ಟೂ ತಪ್ಪದಂತೆ ನಕಲು ಮಾಡಿದ್ದೆ. ಅಣ್ಣನ ಕೊನೆಯ ಅಲಗು ಅದರಲ್ಲಿ ಶಾಶ್ವತವಾಗಿ ಕೂತಿತ್ತು. ಮರುದಿನ ಬೆಳಿಗ್ಗೆ ನನ್ನ ಬಸ್ಸು.

ಹೇಳಿದಾಗ ಆರ್ನೆ ಒಲೆಗೆ ಒಂದು ಕೊರಡು ಹಾಕಿದ. ಮೋನಾ ಬಂದು ನಾನು ಕೂತಿದ್ದ ಬೆಂಚಿನ ಮೇಲೆ ಕುಳಿತಳು. ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಳು. ಅವರ ಲೆಕ್ಕದಲ್ಲಿ ಅದು ಅಪ್ಪಿಕೊಂಡಂತೆಯೇ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಶ್ರೀನಿವಾಸಪುರ

ಬೆಳಿಗ್ಗೆ ಮನೆ ತಲುಪಿದಾಗ ಅಣ್ಣ ಜಗಲಿಯಲ್ಲಿ ಕೂತಿದ್ದ. ಸುಳ್ಳು ಹೇಳಬಹುದಿತ್ತು, ಕಳೆದುಹೋಯಿತು ಎನ್ನಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ಅವನ ಮುಖ ನೋಡಿದ ಮೇಲೆ ಆಗಲಿಲ್ಲ. ಚಾಕುವನ್ನೂ ಮಣ್ಣಿನ ಹಿಡಿತವನ್ನೂ ಜಗಲಿಯ ಮೇಲೆ ಅವನ ಪಕ್ಕ ಇಟ್ಟೆ.

"ಕೆಡಿಸ್ಕೊಂಡ್ ಬಂದೆ ಅಣ್ಣಾ," ಎಂದೆ.

ಅವನು ಮೊದಲು ಎತ್ತಿಕೊಂಡದ್ದು ಮಣ್ಣನ್ನು. ಎಡಗೈಯಲ್ಲಿ ಹಿಡಿದ. ತನ್ನದೇ ಬೆರಳಿನ ಗುರುತಿನಲ್ಲಿ ತನ್ನ ಬೆರಳು ಕೂರಲಿಲ್ಲ, ಕಿರುಬೆರಳಿಗೆ ಜಾಗವೇ ಸಿಗಲಿಲ್ಲ. ತಿರುಗಿಸಿ ನೋಡಿದ. ಆಮೇಲೆ ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಎಂದು ನಾನು ಹತ್ತಿರ ಹೋಗಿ ಕುಳಿತೆ. ನಗುತ್ತಿದ್ದ. ವರ್ಷದ ಮೇಲೆ ಮೊದಲ ಸಲ ಅವನು ನಕ್ಕ ಸದ್ದು ಕೇಳಿ ಅತ್ತಿಗೆ ಒಲೆ ಬಿಟ್ಟು ಓಡಿ ಬಂದರು.

"ಲೇ ಸರೋಜಾ, ಮಾಲೂರು ಮಣ್ಣು ಸುಟ್ರೆ ಕುಗ್ಗುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವೇನೇ? ಇಟ್ಟಿಗೆ ಲೋಡಲ್ಲಿ ನಿನ್ನ ಎಷ್ಟ್ ಸಲ ಕೂರುಸ್ಕೊಂಡ್ ಹೋಗಿದೀನಿ!" ಕಣ್ಣೊರೆಸಿಕೊಂಡ. "ಬೆಣ್ಣೆ ಅಂಗೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ. ಕೈ ಇಲ್ಲೇ ಇತ್ತಲ್ಲೇ."

"ಕೈ ಕೊಡ್ಲಿಲ್ವಲ್ಲ ನೀನು," ಎಂದೆ. ಸಿಟ್ಟಿನಿಂದಲೇ ಹೇಳಿದೆ. ಒಂದು ವರ್ಷದ ಸಿಟ್ಟು ಅದು.

ಅವನ ನಗು ನಿಂತಿತು. ಚಾಕುವನ್ನು ಎತ್ತಿಕೊಂಡು ಹಿಡಿಯನ್ನು ಬೆಳಕಿಗೆ ಹಿಡಿದು, ಕೀಲು ನೋಡಿ, ಹೆಬ್ಬೆರಳಿನಿಂದ ಅಲಗಿನ ಬಾಯಿ ಸವರಿ ನೋಡಿ, ಮತ್ತೆ ಜಗಲಿಯ ಮೇಲಿಟ್ಟು ನನ್ನ ಕಡೆಗೆ ತಳ್ಳಿದ.

"ಕೆಲ್ಸ ಚೆನ್ನಾಗಿದೆ. ಸೀಳ್ಬೇಡ. ಇದು ನಿನ್ ಕೈದೇ, ಇಟ್ಕೋ."

"ನಿಂಗೆ?"

"ನಂಗೆ ಇನ್ನೊಂದು ಬಡೀಬೇಕಾಗುತ್ತೆ." ತೋಟದ ಮೂಲೆಯ ಕಡೆ ನೋಡಿದ. "ಇಕ್ಕಳ ನೀನು ಹಿಡ್ಕೋ. ಮೊದ್ಲು ಸುತ್ತಿಗೆಗೆ ಈ ಕೈಗಾಗೋ ಒಂದು ಹಿಡಿ ಹಾಕು, ಹುಣಸೇದು. ಆ ಬರ್ಚು ಗಿರ್ಚು ನಂಗ್ ಬೇಡ."

ಹಾಗೆಂದವನು ವರ್ಷದಿಂದ ತಾನಾಗಿ ಯಾರ ಮುಂದೆಯೂ ಚಾಚದ ಎಡಗೈಯನ್ನು ಬಿಚ್ಚಿ, ಅಂಗೈ ಮೇಲಾಗಿ, ನನ್ನ ಮಡಿಲಲ್ಲಿ ಇಟ್ಟ.

"ಅಳ್ತೆ ತಗೋ. ಭಾನುವಾರ ಬರ್ಲಾ?"

ನಾನು ಬಾಯಿ ಚೂಪು ಮಾಡಿ ಉಸಿರನ್ನು ಒಳಗೆಳೆದುಕೊಂಡೆ.

"ಏನಾಯ್ತೇ, ಎಲ್ಲಿ ನೋಯ್ತಿದೆ?" ಎಂದು ಅಣ್ಣ ಗಾಬರಿಯಾದ.